ಕಣಿವೆಯನ್ನೇ ಮ್ಯೂಸಿಯಂ ಮಾಡಿದವರ ಖರ್ಚುವೆಚ್ಚ: ಐರನ್‌ಬ್ರಿಜ್ ಟ್ರಸ್ಟ್‌ನ ಪ್ರಕರಣ

2025ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಮ್ಯೂಸಿಯಂ ವಲಯದಲ್ಲಿ ದೊಡ್ಡ ಸುದ್ದಿಯೊಂದು ಹೊರಬಿತ್ತು. ಶ್ರಾಪ್‌ಷೈರ್‌ನ ಐರನ್‌ಬ್ರಿಜ್ ಕಣಿವೆಯಲ್ಲಿ ಕೈಗಾರಿಕಾ ಕ್ರಾಂತಿಯ ಗುರುತುಗಳನ್ನು ಕಾಪಾಡುತ್ತಿದ್ದ ಐರನ್‌ಬ್ರಿಜ್ ಗಾರ್ಜ್ ಮ್ಯೂಸಿಯಂ ಟ್ರಸ್ಟ್ ತನ್ನ ಕೈಯಲ್ಲಿದ್ದ 10 ಮ್ಯೂಸಿಯಂಗಳನ್ನೂ 35 ಹಳೆಯ ಕಟ್ಟಡ, ಸ್ಮಾರಕಗಳನ್ನೂ ನ್ಯಾಷನಲ್ ಟ್ರಸ್ಟ್ ಎಂಬ ದೊಡ್ಡ ದತ್ತಿ ಸಂಸ್ಥೆಗೆ ಒಪ್ಪಿಸುವುದು ಅಂತ ತೀರ್ಮಾನವಾಗಿತ್ತು. 2026ರ ಮಾರ್ಚ್‌ನಿಂದ ಹೊಣೆ ಅವರದು. ಈ ಹಸ್ತಾಂತರಕ್ಕೆ ಬ್ರಿಟಿಷ್ ಸರ್ಕಾರ 90 ಲಕ್ಷ ಪೌಂಡ್ ಅನುದಾನ ಕೊಡಲು ಒಪ್ಪಿತು.

ಯಾವುದೋ ಸಣ್ಣ ಸಂಸ್ಥೆ ಬಾಗಿಲು ಹಾಕಿದ ಕಥೆ ಇದಲ್ಲ. ಈ ಟ್ರಸ್ಟ್ ಹುಟ್ಟಿದ್ದು 1967ರಲ್ಲಿ. ಹತ್ತೇ ವರ್ಷಕ್ಕೆ, 1977ರಲ್ಲಿ, ಯುರೋಪಿನ 'ವರ್ಷದ ಮ್ಯೂಸಿಯಂ' ಪ್ರಶಸ್ತಿ ಇದಕ್ಕೆ ಬಂತು. ಆ ಪ್ರಶಸ್ತಿ ಶುರುವಾದದ್ದೇ ಆ ವರ್ಷ. 1986ರಲ್ಲಿ ಕಣಿವೆ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿತು. ಸ್ಟೋನ್‌ಹೆಂಜ್‌ ಸೇರಿದ ಸಾಲಿನಲ್ಲೇ, ಬ್ರಿಟನ್ನಿನ ಮೊದಲ ಕಂತಿನಲ್ಲೇ. ಊರಿನ ಕಾರ್ಖಾನೆ ಮುಚ್ಚಿದ ಮೇಲೆ ಉಳಿದ ಗೋಡೆ, ಚಿಮಣಿಗಳನ್ನು ಏನು ಮಾಡಬೇಕು ಅಂತ ತಲೆ ಕೆಡಿಸಿಕೊಂಡ ಎಷ್ಟೋ ದೇಶದವರು ಇಲ್ಲಿಗೆ ಬಂದು ನೋಡಿಕೊಂಡು ಹೋಗಿದ್ದಾರೆ. ಅಂಥ ಸಂಸ್ಥೆ 60 ವರ್ಷ ತುಂಬುವ ಮೊದಲೇ ಬೇರೆಯವರ ಕೈ ಹಿಡಿಯಬೇಕಾಯಿತು.

ಕೊರೊನಾ ಹೊಡೆತ ಕೊಟ್ಟಿತು, ಬೆಲೆಗಳು ಏರಿದವು ಅಂತ ಎರಡು ಮಾತಲ್ಲಿ ಮುಗಿಸಬಹುದು. ಅದು ಸುಳ್ಳೂ ಅಲ್ಲ. ಆದರೆ ಟ್ರಸ್ಟ್‌ನ ಇತಿಹಾಸವನ್ನು ಮೊದಲಿನಿಂದ ನೋಡಿದರೆ, ಕಷ್ಟದ ಬೀಜ ಇದ್ದದ್ದು ಅದರ ಅತ್ಯಂತ ಒಳ್ಳೆಯ ಯೋಚನೆಯಲ್ಲೇ ಅಂತ ನನಗನ್ನಿಸುತ್ತದೆ. ಸಾಮಾನುಗಳನ್ನು ಎತ್ತಿ ತಂದು ಒಂದು ಕಟ್ಟಡದಲ್ಲಿ ಜೋಡಿಸಿಡುವುದು ಬೇಡ, ಇರುವುದನ್ನು ಇರುವ ಕಡೆಯೇ ಉಳಿಸೋಣ, ಇಡೀ ಕಣಿವೆಯೇ ಮ್ಯೂಸಿಯಂ ಆಗಲಿ. ಇದು ಅವರ ಯೋಚನೆ. ಹೆಸರು ತಂದದ್ದೂ ಇದೇ, ಹೊರೆಯಾದದ್ದೂ ಇದೇ.

ಕಣಿವೆಯಲ್ಲಿ ಏನಿತ್ತು

ಸೆವರ್ನ್ ನದಿ ಇಲ್ಲಿ ಗುಡ್ಡಗಳ ನಡುವೆ ಆಳವಾಗಿ ಕೊರೆದುಕೊಂಡು ಹರಿಯುತ್ತದೆ. ಎರಡೂ ಬದಿಯ ಇಳಿಜಾರಿನಲ್ಲಿ ಕಲ್ಲಿದ್ದಲು, ಕಬ್ಬಿಣದ ಅದಿರು, ಸುಣ್ಣದ ಕಲ್ಲು, ಜೇಡಿಮಣ್ಣು ಎಲ್ಲ ಒಂದೇ ಕಡೆ ಸಿಗುತ್ತಿತ್ತು. ನೀರಿನ ಚಕ್ರ ತಿರುಗಿಸಲು ತೊರೆಗಳು. ಮಾಲು ಸಾಗಿಸಲು ನದಿ. ಕಬ್ಬಿಣದ ಕೆಲಸಕ್ಕೆ ಇನ್ನೇನು ಬೇಕು?

1708ರಲ್ಲಿ ಬ್ರಿಸ್ಟಲ್‌ನಿಂದ ಅಬ್ರಹಾಂ ಡಾರ್ಬಿ ಎಂಬ ಕ್ವೇಕರ್ ಪಂಥದ ಉದ್ಯಮಿ ಇಲ್ಲಿಗೆ ಬಂದು, ಕೋಲ್‌ಬ್ರೂಕ್‌ಡೇಲ್‌ನಲ್ಲಿದ್ದ ಹಳೆಯ ಊದುಕುಲುಮೆಯನ್ನು ಗುತ್ತಿಗೆಗೆ ಹಿಡಿದ. ಮರಳಿನ ಅಚ್ಚಿನಲ್ಲಿ ಕಬ್ಬಿಣದ ಪಾತ್ರೆ ಎರಕ ಹೊಯ್ಯುವ ವಿಧಾನಕ್ಕೆ ಅವನು ಹಿಂದಿನ ವರ್ಷವಷ್ಟೇ ಪೇಟೆಂಟ್ ಪಡೆದಿದ್ದ. ಅವನಿಗೆ ಬೇಕಿದ್ದದ್ದು ಅಗ್ಗದ ಕಬ್ಬಿಣ. ಅಲ್ಲಿಯವರೆಗೆ ಕುಲುಮೆಗೆ ಮರದ ಇದ್ದಿಲು ಹಾಕುತ್ತಿದ್ದರು. ಅದು ದುಬಾರಿ. ಕಲ್ಲಿದ್ದಲನ್ನೇ ನೇರ ಹಾಕಿದರೆ ಅದರಲ್ಲಿರುವ ಗಂಧಕ ಕಬ್ಬಿಣಕ್ಕೆ ಸೇರಿ ಅದು ಪುಡಿಪುಡಿಯಾಗುತ್ತದೆ. ಡಾರ್ಬಿ ಕಲ್ಲಿದ್ದಲನ್ನು ಮೊದಲು ಸುಟ್ಟು ಕೋಕ್ ಮಾಡಿಕೊಂಡ. ಅಲ್ಲಿನ ಕಲ್ಲಿದ್ದಲಿನಲ್ಲಿ ಗಂಧಕ ಮೊದಲೇ ಕಡಿಮೆ ಇದ್ದದ್ದು ಅವನ ಅದೃಷ್ಟ. 1709ರಲ್ಲಿ ಕೋಕ್ ಹಾಕಿ ಕಬ್ಬಿಣ ಕರಗಿಸಿದ. ಅಡುಗೆ ಪಾತ್ರೆಗಾಗಿ ಶುರುವಾದ ಈ ಕೆಲಸ ಮುಂದೆ ಉಗಿಯಂತ್ರದ ಸಿಲಿಂಡರ್‌ಗೆ, ಕಬ್ಬಿಣದ ಹಳಿಗೆ, ಸೇತುವೆಗೆ ದಾರಿ ಮಾಡಿತು.

ಆಮೇಲೆ ಆಗಿದ್ದು ಎಲ್ಲ ಕಡೆ ಆಗುವಂಥದ್ದೇ. 19ನೇ ಶತಮಾನ ಮುಗಿಯುವ ಹೊತ್ತಿಗೆ ಉದ್ಯಮ ಬೇರೆ ಕಡೆ ಹೋಯಿತು. ಬ್ಲಿಸ್ಟ್ಸ್ ಹಿಲ್‌ನ ಊದುಕುಲುಮೆಗಳು 1912ರಲ್ಲಿ ಆರಿದವು. ಕೋಲ್‌ಪೋರ್ಟ್‌ನ ಹೆಸರಾಂತ ಪಿಂಗಾಣಿ ಕಾರ್ಖಾನೆ 1926ರಲ್ಲಿ ಸ್ಟೋಕ್-ಆನ್-ಟ್ರೆಂಟ್‌ಗೆ ಗಂಟುಮೂಟೆ ಕಟ್ಟಿತು. 1950ರ ಹೊತ್ತಿಗೆ ಕಣಿವೆಯಲ್ಲಿ ಉಳಿದದ್ದು ಹಾಳುಬಿದ್ದ ಗೋಡೆ, ಕಸದ ದಿಬ್ಬ ಮತ್ತು ಗಿಡಗಂಟಿ.

ಹೂತುಹೋಗಿದ್ದ ಕುಲುಮೆ

ಡಾರ್ಬಿಯ ಕುಲುಮೆ ಅಗೆದು ತೆಗೆದದ್ದು ಸರ್ಕಾರವೂ ಅಲ್ಲ, ಪುರಾತತ್ವ ಇಲಾಖೆಯೂ ಅಲ್ಲ. ಅದೇ ಜಾಗದಲ್ಲಿ ಇನ್ನೂ ಎರಕದ ಕೆಲಸ ಮಾಡುತ್ತಿದ್ದ ಅಲೈಡ್ ಐರನ್‌ಫೌಂಡರ್ಸ್ ಎಂಬ ಕಂಪನಿ. 1959ಕ್ಕೆ ಕೋಕ್ ಕಬ್ಬಿಣಕ್ಕೆ 250 ವರ್ಷ ತುಂಬುತ್ತಿತ್ತು. ಆ ನೆಪದಲ್ಲಿ ಕಂಪನಿಯವರು ಕಾರ್ಖಾನೆ ಕಸದಡಿ ಮುಚ್ಚಿಹೋಗಿದ್ದ ಕುಲುಮೆಯನ್ನು ಹೊರತೆಗೆದು, ಪಕ್ಕದಲ್ಲೇ ಒಂದು ಚಿಕ್ಕ ಮ್ಯೂಸಿಯಂ ತೆರೆದರು.

ಆ ಕುಲುಮೆಯ ಬಾಯಿಗೆ ಅಡ್ಡ ಹಾಕಿರುವ ಎರಕದ ತೊಲೆಗಳನ್ನು ಹತ್ತಿರ ಹೋಗಿ ನೋಡಬೇಕು. ಮೇಲಿನದರಲ್ಲಿ ಅಬ್ರಹಾಂ ಡಾರ್ಬಿ ಅಂತ ಹೆಸರು, 1777 ಅಂತ ಇಸವಿ. ಇದು ಮೊಮ್ಮಗ ಡಾರ್ಬಿ, ಕುಲುಮೆಯನ್ನು ದೊಡ್ಡದು ಮಾಡಿದ ಕಾಲ. ಕೆಳಗಿನ ಹಳೆಯ ತೊಲೆಯಲ್ಲಿ ಈಗ 1638 ಅಂತ ಕಾಣುತ್ತದೆ. ಆದರೆ ಹಿಂದಿನವರು ಬರೆದಿಟ್ಟ ಟಿಪ್ಪಣಿಯಲ್ಲಿ ಅದು 1658. ಸವೆದ ಅಂಕಿಯ ಮೇಲೆ ಯಾರೋ ಬಣ್ಣ ಬಳಿಯುವಾಗ 5 ಹೋಗಿ 3 ಆಗಿದೆ ಅನ್ನೋದು ಬಲ್ಲವರ ಲೆಕ್ಕ. ಒಂದು ಡಬ್ಬಿ ಬಣ್ಣಕ್ಕೆ 20 ವರ್ಷದ ಇತಿಹಾಸ ಹೆಚ್ಚಾಗಿಬಿಡುತ್ತೆ! ಹಳೆಯ ವಸ್ತುವನ್ನು ನೋಡಿಕೊಳ್ಳುವವರ ಕೈ ಎಷ್ಟು ಹುಷಾರಾಗಿರಬೇಕು ಅಲ್ವಾ.

ಬಿಸಿಲು ಮಳೆಗೆ ಬಿಟ್ಟರೆ ಇಂಥ ಕುಲುಮೆ ಉಳಿಯುವುದಿಲ್ಲ. ಮಣ್ಣಿನಡಿ ಇದ್ದಾಗಲೇ ಅದು ಕ್ಷೇಮವಾಗಿತ್ತು. ಹೊರಗೆ ತೆಗೆದ ದಿನದಿಂದ ಇಟ್ಟಿಗೆಯ ಸಂದಿಗೆ ನೀರು ಇಳಿಯುತ್ತದೆ, ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಇಟ್ಟಿಗೆ ಸೀಳುತ್ತದೆ. ಆದ್ದರಿಂದ ಮುಂದೆ ಇಡೀ ಕುಲುಮೆಯ ಮೇಲೆ ತ್ರಿಕೋನದ ಆಕಾರದ ದೊಡ್ಡ ಸೂರು ಕಟ್ಟಬೇಕಾಯಿತು. ಸ್ಮಾರಕಕ್ಕೊಂದು ಸೂರು, ಆ ಸೂರಿಗೊಂದು ರಿಪೇರಿ. ಈ ಖರ್ಚಿಗೆ ಕೊನೆ ಅನ್ನೋದಿಲ್ಲ.

ಹೊಸ ಊರು ಕಟ್ಟಲು ಬಂದವರು

1963ರಲ್ಲಿ ಬ್ರಿಟಿಷ್ ಸರ್ಕಾರ ಈ ಭಾಗದಲ್ಲಿ ಡಾಲಿ ಎಂಬ ಹೊಸ ನಗರ ಕಟ್ಟಲು ಆದೇಶ ಹೊರಡಿಸಿತು. 1968ರಲ್ಲಿ ಅದರ ವ್ಯಾಪ್ತಿ ಹಿಗ್ಗಿಸಿ ಟೆಲ್‌ಫೋರ್ಡ್ ಅಂತ ಹೆಸರಿಟ್ಟರು. ಒಂದು ಕಾಲಕ್ಕೆ ಶ್ರಾಪ್‌ಷೈರ್‌ನ ರಸ್ತೆ ಸೇತುವೆಗಳ ಉಸ್ತುವಾರಿ ಹೊತ್ತಿದ್ದ ಎಂಜಿನಿಯರ್ ಥಾಮಸ್ ಟೆಲ್‌ಫೋರ್ಡ್‌ನ ಹೆಸರು ಅದು. ನಗರ ಕಟ್ಟುವ ಹೊಣೆ ಅಭಿವೃದ್ಧಿ ನಿಗಮದ್ದು. ಅದರ ನಕ್ಷೆಯ ದಕ್ಷಿಣ ತುದಿಯಲ್ಲಿ ಈ ಕಣಿವೆಯೂ ಸೇರಿಕೊಂಡಿತು.

ನಿಗಮಕ್ಕೆ ಇದು ಪೇಚಿಗಿಟ್ಟುಕೊಂಡಿತು. ಇಲ್ಲಿ ಮನೆ ಕಟ್ಟುವಂತಿಲ್ಲ, ನೆಲ ಜಾರುತ್ತದೆ. 1952ರಲ್ಲಿ ಎದುರು ದಡದ ಜ್ಯಾಕ್‌ಫೀಲ್ಡ್‌ನಲ್ಲಿ ಗುಡ್ಡ ಕುಸಿದು ಹಲವು ಮನೆಗಳು ನಾಶವಾಗಿದ್ದವು. ನೆಲಸಮ ಮಾಡೋಣ ಅಂದರೆ ಇದು ಕೈಗಾರಿಕಾ ಕ್ರಾಂತಿಯ ತವರು. ಸುಮ್ನೆ ಬಿಟ್ಟರೆ ಹೊಸ ನಗರದ ಮಗ್ಗುಲಲ್ಲೇ ಒಂದು ಹಾಳೂರು. ಹಾಗಾಗಿ 1967ರಲ್ಲಿ ಸ್ವತಂತ್ರ ದತ್ತಿ ಸಂಸ್ಥೆಯಾಗಿ ಮ್ಯೂಸಿಯಂ ಟ್ರಸ್ಟ್ ಹುಟ್ಟಿತು. ಹೆಸರಿಗೆ ಸ್ವತಂತ್ರವಾದರೂ ಬೆನ್ನಿಗೆ ನಿಂತದ್ದು ನಿಗಮ. ಜಾಗ, ಕಟ್ಟಡ, ರಿಪೇರಿ ಹಣ, ಎಲ್ಲಕ್ಕೂ ಅದರ ಆಸರೆ ಇತ್ತು.

ಇದನ್ನು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಟ್ರಸ್ಟ್ ಬೆಳೆದ ರಭಸಕ್ಕೆ ಇದೇ ಕಾರಣ. ಊರು ಕಟ್ಟುವ ನಿಗಮಗಳು ಶಾಶ್ವತವಲ್ಲ. ಕೆಲಸ ಮುಗಿದ ಮೇಲೆ ಮುಚ್ಚುವುದಕ್ಕೇ ಹುಟ್ಟಿದ ಸಂಸ್ಥೆಗಳವು. ಟೆಲ್‌ಫೋರ್ಡ್ ನಿಗಮ 1991ರಲ್ಲಿ ಮುಚ್ಚಿತು. ಟ್ರಸ್ಟ್ ಉಳಿಯಿತು.

1970ರಲ್ಲಿ ಕೋಲ್‌ಬ್ರೂಕ್‌ಡೇಲ್‌ನ ಕುಲುಮೆ ಮತ್ತು ಆ ಚಿಕ್ಕ ಮ್ಯೂಸಿಯಂ ಟ್ರಸ್ಟ್‌ನ ಸುಪರ್ದಿಗೆ ಬಂದವು. 1971ರಲ್ಲಿ ಮೊದಲ ನಿರ್ದೇಶಕನಾಗಿ ಬಂದ ನೀಲ್ ಕಾಸನ್ಸ್ 1983ರವರೆಗೆ ಇದ್ದರು. ಅದಕ್ಕೆ ಮೊದಲು ಅವರು ಲಿವರ್‌ಪೂಲ್ ನಗರದ ಮ್ಯೂಸಿಯಂಗಳಲ್ಲಿದ್ದವರು. ಮುಂದೆ ಲಂಡನ್ನಿನ ಸೈನ್ಸ್ ಮ್ಯೂಸಿಯಂ ನಡೆಸಿದರು, ಸ್ಮಾರಕಗಳನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಎಂಬ ಸಂಸ್ಥೆಯ ಅಧ್ಯಕ್ಷರೂ ಆದರು. ಅವರ 12 ವರ್ಷದಲ್ಲಿ ಆದ ಕೆಲಸ ನೋಡಿದರೆ ಅಚ್ಚರಿಯಾಗುತ್ತದೆ. 1973ರಲ್ಲಿ ಬ್ಲಿಸ್ಟ್ಸ್ ಹಿಲ್‌ನ ಬಯಲು ಮ್ಯೂಸಿಯಂ ತೆರೆಯಿತು. 1976ರಲ್ಲಿ ಕೋಲ್‌ಪೋರ್ಟ್ ಪಿಂಗಾಣಿ ಮ್ಯೂಸಿಯಂ. 1979ರಲ್ಲಿ, ಐರನ್‌ಬ್ರಿಜ್‌ಗೆ ಹೆಸರು ಕೊಟ್ಟ ಕಬ್ಬಿಣದ ಸೇತುವೆಗೆ 200 ತುಂಬಿದ ವರ್ಷ, ಕೋಲ್‌ಬ್ರೂಕ್‌ಡೇಲ್‌ನ ದೊಡ್ಡ ಉಗ್ರಾಣದಲ್ಲಿ ಕಬ್ಬಿಣದ ಮ್ಯೂಸಿಯಂ. 1983ರಲ್ಲಿ ಜ್ಯಾಕ್‌ಫೀಲ್ಡ್‌ನ ಟೈಲ್ಸ್ ಕಾರ್ಖಾನೆ. ಸ್ವಯಂಸೇವಕರ ದಂಡೇ ಇತ್ತು, ಗಿಡಗಂಟಿ ಕಡಿಯುವುದರಿಂದ ಹಿಡಿದು ಹಳೆ ಯಂತ್ರಕ್ಕೆ ಎಣ್ಣೆ ಹಾಕುವವರೆಗೆ.

ಹೆಸರು ಕೊಟ್ಟ ಸೇತುವೆ, ದುಡ್ಡು ಕೊಡದ ಸೇತುವೆ

ಟ್ರಸ್ಟ್‌ಗೆ ಹೆಸರು ಕೊಟ್ಟದ್ದು ಕಬ್ಬಿಣದ ಸೇತುವೆ. ಎಲ್ಲರೂ ನೋಡಲು ಬರುವುದೂ ಅದನ್ನೇ. ತಮಾಷೆಯೆಂದರೆ ಆ ಸೇತುವೆ ಟ್ರಸ್ಟ್‌ನ ಹತೋಟಿಯಲ್ಲಿಲ್ಲ. 1975ರಿಂದ ಅದು ಸರ್ಕಾರದ ರಕ್ಷಣೆಯಲ್ಲಿದೆ, ಈಗ ನೋಡಿಕೊಳ್ಳುವುದು ಇಂಗ್ಲಿಷ್ ಹೆರಿಟೇಜ್. ಸೇತುವೆ ಮೇಲೆ ಓಡಾಡಲು ಟಿಕೆಟ್ ಇಲ್ಲ.

ಈ ಸೇತುವೆಯ ಲೆಕ್ಕಪತ್ರ ಹುಟ್ಟಿನಿಂದಲೂ ಎಡವಟ್ಟೇ. ವಿನ್ಯಾಸ ಮಾಡಿದವನು ಶ್ರೂಸ್‌ಬರಿಯ ಥಾಮಸ್ ಫಾರ್ನಲ್ಸ್ ಪ್ರಿಚರ್ಡ್. ಕೆಲಸ ಶುರುವಾದ ಸ್ವಲ್ಪ ಕಾಲಕ್ಕೇ, 1777ರ ಡಿಸೆಂಬರ್‌ನಲ್ಲಿ, ಅವನು ತೀರಿಕೊಂಡ. ಕಟ್ಟಿ ನಿಲ್ಲಿಸಿದವನು ಮೂರನೇ ಅಬ್ರಹಾಂ ಡಾರ್ಬಿ. ಅಂದಾಜು ವೆಚ್ಚ 3,200 ಪೌಂಡ್. ಕೊನೆಗೆ ಸುಮಾರು 6,000 ಮುಟ್ಟಿತು ಎನ್ನುತ್ತಾರೆ. ಹೆಚ್ಚುವರಿ ಹೊರೆ ಡಾರ್ಬಿಯ ತಲೆಗೆ ಬಂತು, ಸಾಯುವವರೆಗೂ ಅವನು ಸಾಲದಿಂದ ಹೊರಬರಲಿಲ್ಲ. 1779ರ ಬೇಸಿಗೆಯಲ್ಲಿ ಕಮಾನುಗಳು ಎದ್ದು ನಿಂತವು, 1781ರ ಜನವರಿ 1ರಂದು ಸಂಚಾರ ಶುರುವಾಯಿತು. ನದಿಯ ಮೇಲೆ 30.6 ಮೀಟರ್ ಅಗಲಕ್ಕೆ ಒಂದೇ ಕಮಾನು, 378 ಟನ್ ಎರಕದ ಕಬ್ಬಿಣ, ಸುಮಾರು 1,700 ಬಿಡಿಭಾಗ.

ಕೂಡಿಕೆಗಳನ್ನು ಗಮನಿಸಿದರೆ ಮಜಾ ಇದೆ. ನಟ್ಟು ಬೋಲ್ಟಿನ ಜೋಡಣೆಯಲ್ಲ ಇದು, ರಿವೆಟ್ಟೂ ಇಲ್ಲ. ಒಂದು ತುಂಡಿನಲ್ಲಿ ತೂತು, ಇನ್ನೊಂದರಲ್ಲಿ ಅದರೊಳಗೆ ಕೂರುವ ನಾಲಿಗೆ, ಬಿಗಿಯಾಗಲು ನಡುವೆ ಬೆಣೆ. ಪೂರ್ತಿ ಬಡಗಿ ಕೆಲಸ! ಕಬ್ಬಿಣದಲ್ಲಿ ಅಷ್ಟು ದೊಡ್ಡದನ್ನು ಅದಕ್ಕೆ ಮೊದಲು ಯಾರೂ ಕಟ್ಟಿರಲಿಲ್ಲ, ಹಾಗಾಗಿ ಮರದಲ್ಲಿ ಕೈಗೆ ರೂಢಿಯಾಗಿದ್ದ ವಿದ್ಯೆಯನ್ನೇ ಕಬ್ಬಿಣಕ್ಕೂ ಹಚ್ಚಿದರು. 20ನೇ ಶತಮಾನದ ಕೊನೆಯಲ್ಲಿ ಅಳತೆ ತೆಗೆದಾಗ, ನೋಡಲು ಒಂದೇ ಥರ ಇರುವ ತುಂಡುಗಳಲ್ಲೂ ಅಳತೆ ಹೆಚ್ಚುಕಡಿಮೆ ಇರುವುದು ಗೊತ್ತಾಯಿತು. ಪಕ್ಕದ ತುಂಡಿಗೆ ಹೊಂದುವ ಹಾಗೆ ಒಂದೊಂದಕ್ಕೂ ಬೇರೆಬೇರೆ ಎರಕ ಹೊಯ್ದಿದ್ದಾರೆ.

ಇಷ್ಟು ಭಾರವನ್ನು ನದಿಯ ಮೇಲೆ ಎತ್ತಿದ್ದು ಹೇಗೆ ಅನ್ನೋದು ಬಹಳ ಕಾಲ ಒಗಟಾಗಿಯೇ ಇತ್ತು. 1997ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಎಲಿಯಾಸ್ ಮಾರ್ಟಿನ್ ಎಂಬ ಸ್ವೀಡನ್ನಿನ ಚಿತ್ರಕಾರನ ಜಲವರ್ಣವೊಂದು ಸಿಕ್ಕಿತು. ಅದರಲ್ಲಿ ಸೇತುವೆ ಅರ್ಧ ಎದ್ದಿದೆ, ನದಿಯಲ್ಲಿ ಮರದ ಎತ್ತುಗಂಬ ನಿಂತಿದೆ. 2001ರಲ್ಲಿ ಬ್ಲಿಸ್ಟ್ಸ್ ಹಿಲ್‌ನಲ್ಲಿ ಅರ್ಧ ಅಳತೆಯ ಸೇತುವೆಯೊಂದನ್ನು ಅದೇ ರೀತಿ ಎತ್ತಿ ನಿಲ್ಲಿಸಿ, ಈ ಉಪಾಯ ನಡೆಯುತ್ತದೆ ಅಂತ ತೋರಿಸಿಯೂ ಬಿಟ್ಟರು.

ಸುಂಕದ ಕಟ್ಟೆಯ ಹಲಗೆ ಇನ್ನೂ ಇದೆ. ಸೈನಿಕರಿಗೂ ವಿನಾಯಿತಿ ಇಲ್ಲ, ಅಂಚೆ ಗಾಡಿಗೂ ಇಲ್ಲ, ರಾಜಮನೆತನಕ್ಕೂ ಇಲ್ಲ ಅಂತ ಅದರಲ್ಲಿ ಖಡಾಖಂಡಿತವಾಗಿ ಬರೆದಿದೆ. ಈ ಸುಂಕ ತಪ್ಪಿಸಲೆಂದೇ ಊರಿನವರು ಹರಿಗೋಲಲ್ಲಿ ನದಿ ದಾಟುತ್ತಿದ್ದರಂತೆ. 1934ರಲ್ಲಿ ವಾಹನ ಸಂಚಾರ ನಿಂತಿತು. ಕಾಲ್ನಡಿಗೆಯವರ ಸುಂಕ 1950ರವರೆಗೂ ಇತ್ತು. ಅಂದರೆ ಸೇತುವೆಯಿಂದ ದುಡ್ಡು ಹುಟ್ಟುವ ಕಾಲ ಮುಗಿದ ಮೇಲೆ ಟ್ರಸ್ಟ್ ಬಂತು.

ದುಡ್ಡು ತಿನ್ನುವ ಕಾಲ ಮಾತ್ರ ಮುಗಿದಿರಲಿಲ್ಲ. ಎರಡೂ ದಡದ ಗುಡ್ಡಗಳು ಒಳಕ್ಕೆ ಒತ್ತುತ್ತಿದ್ದುದರಿಂದ ಕಮಾನು ನಡುವೆ ಮೇಲಕ್ಕೆ ಉಬ್ಬುತ್ತಿತ್ತು. 1972ರಿಂದ 75ರ ನಡುವೆ ನದಿಯ ತಳದಲ್ಲಿ ದಡದಿಂದ ದಡಕ್ಕೆ ಕಾಂಕ್ರೀಟಿನ ತಲೆಕೆಳಗಾದ ಕಮಾನು ಹಾಕಿ, ಎರಡೂ ಕಡೆಯ ಕಟ್ಟೆಗಳು ಹತ್ತಿರ ಸರಿಯದಂತೆ ತಡೆದರು. 2017–18ರಲ್ಲಿ ಇಂಗ್ಲಿಷ್ ಹೆರಿಟೇಜ್ 36 ಲಕ್ಷ ಪೌಂಡ್ ಖರ್ಚಿನಲ್ಲಿ ಮತ್ತೆ ದುರಸ್ತಿ ಮಾಡಿತು. ಅದಕ್ಕೆ ಜರ್ಮನಿಯ ದತ್ತಿ ಸಂಸ್ಥೆಯೊಂದರಿಂದಲೂ ನೆರವು ಬಂತು. ಬಣ್ಣದ ಪದರಗಳನ್ನು ಕೆರೆದು ನೋಡಿದಾಗ ಮೊದಲಿನ ಬಣ್ಣ ಬೂದಿಯಲ್ಲ, ಕಂದುಗೆಂಪು ಅಂತ ತಿಳಿದು, ಈಗ ಸೇತುವೆ ಅದೇ ಬಣ್ಣದಲ್ಲಿದೆ.

ಒಂದೇ ಸ್ಮಾರಕ, ಒಂದೇ ಸಲದ ದುರಸ್ತಿ, 36 ಲಕ್ಷ ಪೌಂಡ್. ಟ್ರಸ್ಟ್‌ನ ಪಟ್ಟಿಯಲ್ಲಿದ್ದದ್ದು 35. ಎಲ್ಲವೂ ಇಷ್ಟು ದೊಡ್ಡವಲ್ಲ, ನಿಜ. ಆದರೆ ಕಣಿವೆಯ ನೆಲ ಎಲ್ಲಕ್ಕೂ ಒಂದೇ.

ಬ್ಲಿಸ್ಟ್ಸ್ ಹಿಲ್: ಕೂಡಿಸಿ ಕಟ್ಟಿದ ಊರು

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಕುತೂಹಲ ಹುಟ್ಟಿಸುವುದು ಬ್ಲಿಸ್ಟ್ಸ್ ಹಿಲ್. ಸುಮಾರು 50 ಎಕರೆ ಜಾಗ. ಅಲ್ಲೇ ಹುಟ್ಟಿದವು ಕೆಲವು ಇವೆ: ಊದುಕುಲುಮೆಗಳ ಅವಶೇಷ, ಇಟ್ಟಿಗೆ ಕಾರ್ಖಾನೆ, ಕಾಲುವೆಯ ಒಂದು ತುಂಡು. ಕಾಲುವೆಯ ತುದಿಯಲ್ಲಿರುವ ಹೇ ಇಳಿಜಾರು ಅಂತೂ ನೋಡಲೇಬೇಕಾದದ್ದು. 5 ಟನ್ ಸರಕಿನ ದೋಣಿಗಳನ್ನು ಹಳಿಯ ಮೇಲೆ 63 ಮೀಟರ್ ಕೆಳಗಿನ ನದಿಬದಿಗೆ ಇಳಿಸುತ್ತಿದ್ದ, ಮೇಲೆ ಎಳೆಯುತ್ತಿದ್ದ ಏರ್ಪಾಟು ಅದು. 1793ರ ಹೊತ್ತಿಗೆ ಶುರುವಾಗಿ ಒಂದು ಶತಮಾನ ನಡೆಯಿತು. ಇಳಿಯುವ ದೋಣಿಯ ಭಾರವೇ ಏರುವ ದೋಣಿಯನ್ನು ಎಳೆಯುತ್ತಿತ್ತು.

ಉಳಿದದ್ದು ಹೊರಗಿನಿಂದ ಬಂದದ್ದು. ಹೆದ್ದಾರಿಗೆ, ಹೊಸ ಬಡಾವಣೆಗೆ ಅಂತ ಕೆಡವಲು ಹೊರಟಿದ್ದ ಮನೆ, ಅಂಗಡಿಗಳನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿದರು. ವಾಲ್ಸಾಲ್‌ನ ಒಂದು ಪಬ್, ಶ್ರೂಸ್‌ಬರಿ ಹತ್ತಿರದ ಒಂದು ಸುಂಕದ ಮನೆ, ಹೀಗೆ. ಇನ್ನು ಕೆಲವು ಪೂರ್ತಿ ಹೊಸದಾಗಿ, ಹಳೆಯದರ ಪ್ರತಿಯಾಗಿ ಕಟ್ಟಿದವು. ಎಲ್ಲ ಸೇರಿ 1900ರ ಆಸುಪಾಸಿನ ಒಂದು ಊರು. ಬೀದಿ, ಬೇಕರಿ, ಔಷಧಿ ಅಂಗಡಿ, ಮೇಣದಬತ್ತಿ ಮಾಡುವವರು, ಹಳೆಯ ಕಾಲದ ಉಡುಪಿನ ಸಿಬ್ಬಂದಿ. ಬ್ಯಾಂಕಿಗೆ ಹೋಗಿ ಇವತ್ತಿನ ಪೌಂಡ್ ಕೊಟ್ಟರೆ ಕೌಂಟರಿನವರು ಫಾರ್ದಿಂಗ್, ಪೆನ್ನಿ, ಶಿಲಿಂಗ್ ಎಣಿಸಿ ಕೊಡುತ್ತಾರೆ. ಅದನ್ನೇ ತಗೊಂಡು ಹೋಗಿ ಬೇಕರಿಯಲ್ಲಿ ಖರ್ಚು ಮಾಡಬಹುದು. ಮಕ್ಕಳಿಗೆ 12 ಪೆನ್ನಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್ ಅನ್ನೋ ಲೆಕ್ಕ ಪಾಠ ಮಾಡದೆಯೇ ತಲೆಗೆ ಹತ್ತಿಬಿಡುತ್ತದೆ.

ಒಳ್ಳೆಯ ಪುರಾತತ್ವಜ್ಞರಿಗೆ ಇದು ಮೊದಲಿನಿಂದಲೂ ಸ್ವಲ್ಪ ಇರಿಸುಮುರಿಸು. ಇದ್ದದ್ದನ್ನು ಇದ್ದಲ್ಲೇ ಉಳಿಸುತ್ತೇವೆ ಅಂದವರು ಎಲ್ಲೆಲ್ಲಿಂದಲೋ ಕಟ್ಟಡ ತಂದು ಎಲ್ಲೂ ಇರದ ಊರು ಕಟ್ಟಿದರಲ್ಲ ಅಂತ. ಊರೂರಿನ ಕಾರ್ಖಾನೆಗಳು ಮುಚ್ಚುತ್ತಿದ್ದ 1980ರ ದಶಕದಲ್ಲಿ ಈ ವಾದ ಇನ್ನೂ ಜೋರಾಯಿತು. ನಿಜವಾದ ಕೆಲಸ ಹೋಗಿ ಕೆಲಸದ ನಾಟಕ ಉಳಿಯಿತು ಎನ್ನುವುದು ಟೀಕೆ. ತಳ್ಳಿಹಾಕುವಂಥ ಮಾತಲ್ಲ ಅದು.

ಆದರೆ ಗಲ್ಲಾಪೆಟ್ಟಿಗೆ ಹೇಳುವ ಕಥೆ ಬೇರೆ. ಟ್ರಸ್ಟ್‌ನ ತಾಣಗಳಲ್ಲಿ ಅತಿ ಹೆಚ್ಚು ಜನ ಬರುವುದು ಇಲ್ಲಿಗೇ. ಕುಟುಂಬ ಸಮೇತ ಬರುತ್ತಾರೆ, ದಿನವಿಡೀ ಇರುತ್ತಾರೆ, ತಿಂಡಿ ತಿನ್ನುತ್ತಾರೆ, ಅಂಗಡಿಯಲ್ಲಿ ಏನಾದರೂ ಕೊಳ್ಳುತ್ತಾರೆ. ಡಾರ್ಬಿಯ ಕುಲುಮೆ ಜಗತ್ತಿನ ಇತಿಹಾಸದಲ್ಲೇ ದೊಡ್ಡದು, ಆದರೆ ನೋಡುವುದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಅಂದರೆ ಅಸಲಿಯ ಖರ್ಚನ್ನು ಇಷ್ಟು ವರ್ಷ ತೂಗಿಸಿದ್ದು ಈ ಕೂಡಿಸಿ ಕಟ್ಟಿದ ಊರೇ.

ಅಲ್ಲದೆ ಇಲ್ಲಿ ನಡೆಯುವುದೆಲ್ಲ ನಾಟಕ ಅಂತ ಹೇಳಲೂ ಆಗದು. ಬೋಲ್ಟನ್‌ನ ವಾಮ್ಸ್‌ಲಿ ಕಾರ್ಖಾನೆ ಮುಚ್ಚಿದಾಗ ಅಲ್ಲಿನ ಯಂತ್ರಗಳನ್ನು ತಂದು ಇಲ್ಲಿ ಮೆದು ಕಬ್ಬಿಣದ ಕಾರ್ಖಾನೆ ಕೂರಿಸಿದರು. ಆ ಕೆಲಸದಲ್ಲಿ ಕರಗಿದ ಕಬ್ಬಿಣವನ್ನು ಕುಲುಮೆಯ ಬಾಯಿಂದ ಉದ್ದನೆಯ ಸಲಾಕೆ ತೂರಿಸಿ ತಿರುವುತ್ತಲೇ ಇರಬೇಕು. ಇಂಗಾಲ ಸುಟ್ಟುಹೋದ ಹಾಗೆಲ್ಲ ಅದು ಗಟ್ಟಿಯಾಗಿ ಮುದ್ದೆ ಕಟ್ಟುತ್ತದೆ. ಯಾವ ಗಳಿಗೆಯಲ್ಲಿ ಹೊರಗೆಳೆಯಬೇಕು ಅಂತ ಕೈಗೆ ಗೊತ್ತಾಗಬೇಕು. ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಬಲ್ಲವರು ನಿವೃತ್ತರಾಗುವ ಮೊದಲು ಇನ್ನೊಬ್ಬರಿಗೆ ಕಲಿಸಬೇಕು, ಕಲಿಯುವವರಿಗೆ ಸಂಬಳ ಕೊಡಬೇಕು. ಹೊರಗಿನ ಲೆಕ್ಕ ಪರಿಶೋಧಕರಿಗೆ ಇದು ಬರೀ ಸಿಬ್ಬಂದಿ ವೆಚ್ಚ.

ಹತ್ತು ಬಾಗಿಲು, ಹತ್ತು ಬೀಗ

ಉಳಿದ ತಾಣಗಳ ಬಗ್ಗೆ ಒಂದೊಂದು ಮಾತು ಸಾಕು. ಕೋಲ್‌ಪೋರ್ಟ್‌ನಲ್ಲಿ ಬಾಟಲಿ ಆಕಾರದ ಪಿಂಗಾಣಿ ಭಟ್ಟಿಗಳಿವೆ. ಹತ್ತಿರದಲ್ಲೇ 1780ರ ದಶಕದಲ್ಲಿ ಕೊರೆದ ಸುರಂಗ, ಅದರ ಗೋಡೆಯಿಂದ ಟಾರು ಜಿನುಗುತ್ತದೆ. ಜ್ಯಾಕ್‌ಫೀಲ್ಡ್‌ನ ಟೈಲ್ಸ್ ಕಾರ್ಖಾನೆಯಲ್ಲಿ ಮ್ಯೂಸಿಯಂ ಜೊತೆಗೆ ಇಂದಿಗೂ ಟೈಲ್ಸ್ ತಯಾರಾಗುತ್ತವೆ, ಹಳೆಯ ಕಟ್ಟಡಗಳ ದುರಸ್ತಿಗೆ ಅವಕ್ಕೆ ಬೇಡಿಕೆ ಇದೆ. ಬ್ರೋಸ್ಲಿಯಲ್ಲಿ ಮಣ್ಣಿನ ಚಿಲುಮೆ ಮಾಡುತ್ತಿದ್ದ ಒಂದು ಕಾರ್ಖಾನೆ, ಕೆಲಸಗಾರರು ಬಿಟ್ಟುಹೋದ ಹಾಗೆಯೇ ಉಳಿದಿತ್ತು. ಟ್ರಸ್ಟ್ ಅದನ್ನು 1996ರಲ್ಲಿ ತೆರೆಯಿತು. ನದಿ ದಡದಲ್ಲಿ ಚರ್ಚಿನಂತೆ ಕಾಣುವ ಹಳೆಯ ಗೋದಾಮು ಕಣಿವೆಯ ಮ್ಯೂಸಿಯಂ ಆಯಿತು. ಡಾರ್ಬಿ ಕುಟುಂಬದ ಮನೆಗಳು ಬೇರೆ. 2002ರಲ್ಲಿ ಮಕ್ಕಳಿಗಾಗಿ ಎಂಜಿನ್ಯುಯಿಟಿ ಎಂಬ ವಿಜ್ಞಾನ ಕೇಂದ್ರ.

ವಿಶ್ವ ಪರಂಪರೆ ತಾಣದ ವಿಸ್ತೀರ್ಣ ಸುಮಾರು ಐದೂವರೆ ಚದರ ಕಿಲೋಮೀಟರ್. ಇದರಲ್ಲಿ ನದಿಯ ಎರಡೂ ದಡಗಳಲ್ಲಿ ತಾಣಗಳು ಚೆಲ್ಲಾಡಿಕೊಂಡಿವೆ. ಒಂದು ದಿನದಲ್ಲಿ ಎಲ್ಲ ನೋಡಲು ಸಾಧ್ಯವೇ ಇಲ್ಲ. ಅದಕ್ಕೆ ಟ್ರಸ್ಟ್ ಎಲ್ಲ ತಾಣಗಳಿಗೂ ನಡೆಯುವ, ಮತ್ತೆ ಮತ್ತೆ ಬರಬಹುದಾದ ಪಾಸ್ ಮಾಡಿತು. ಜಾಣತನದ ಏರ್ಪಾಟು. ಆದರೆ ಖರ್ಚಿನ ಕಡೆಯಿಂದ ನೋಡಿ. ಒಂದೇ ಕಟ್ಟಡದ ಮ್ಯೂಸಿಯಂಗೆ ಒಂದು ಟಿಕೆಟ್ ಕೌಂಟರ್, ಒಂದು ಚಾವಣಿ, ಒಂದು ಸಾಲು ಶೌಚಾಲಯ, ಒಬ್ಬ ರಾತ್ರಿ ಕಾವಲುಗಾರ ಸಾಕು. ಇಲ್ಲಿ ಅದೆಲ್ಲ ಹತ್ತು ಕಡೆ. ಒಂದು ತಾಣಕ್ಕೆ ಆ ದಿನ ಯಾರೂ ಬರದಿದ್ದರೂ ದೀಪ ಉರಿಯಬೇಕು, ಯಾರಾದರೊಬ್ಬರು ಕೂತಿರಬೇಕು. ಬಾಗಿಲು ಹಾಕಿದರೆ ಸಂಬಳ ಉಳಿಯಬಹುದು, ಸೋರುವ ಚಾವಣಿ ಸೋರುತ್ತಲೇ ಇರುತ್ತದೆ. ಚಿತ್ರವಾದರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬಹುದು. ಊದುಕುಲುಮೆಯನ್ನು ಎಲ್ಲಿಡುತ್ತೀರಿ?

ಹೊಸದು ಕಟ್ಟಲು ದುಡ್ಡು ಸಿಗುತ್ತಿತ್ತು ಎನ್ನುವುದು ಇನ್ನೊಂದು ವಿಚಿತ್ರ. 2009ರಲ್ಲಿ ಬ್ಲಿಸ್ಟ್ಸ್ ಹಿಲ್‌ಗೆ 1.2 ಕೋಟಿ ಪೌಂಡ್ ವೆಚ್ಚದಲ್ಲಿ ಹೊಸ ಪ್ರವೇಶ ಕೇಂದ್ರ, ಹೊಸ ಬೀದಿ ಬಂದವು. ಹಣ ಹರಿದು ಬಂದದ್ದು ಪ್ರಾದೇಶಿಕ ಅಭಿವೃದ್ಧಿ ಸಂಸ್ಥೆ ಮತ್ತು ಯುರೋಪ್ ಒಕ್ಕೂಟದ ನಿಧಿಗಳಿಂದ. ಇಂಥ ನಿಧಿಗಳಿಗೆ ಯೋಜನೆ ಬೇಕು, ಉದ್ಘಾಟನೆ ಬೇಕು, ಫಲಕ ಬೇಕು. ಗಟಾರ ಸ್ವಚ್ಛ ಮಾಡಲು, ಹೆಂಚು ಕೈಯಾಡಿಸಲು ಯಾರೂ ಕೊಡುವುದಿಲ್ಲ. 2012ರಲ್ಲಿ ಪ್ರಾದೇಶಿಕ ಸಂಸ್ಥೆಗಳನ್ನು ಸರ್ಕಾರವೇ ರದ್ದು ಮಾಡಿತು. ಬ್ರೆಕ್ಸಿಟ್ ಆದ ಮೇಲೆ ಯುರೋಪಿನ ಬಾಗಿಲೂ ಮುಚ್ಚಿತು. 1991ರಲ್ಲಿ ನಿಗಮ, ಆಮೇಲೆ ಇವೆರಡು. ಟ್ರಸ್ಟ್ ಆತುಕೊಂಡ ಗೋಡೆಗಳು ಒಂದೊಂದಾಗಿ ಸರಿದವು, ಅವು ಇದ್ದಾಗ ಸೇರಿಸಿಕೊಂಡ ಕಟ್ಟಡಗಳು ಮಾತ್ರ ಅಲ್ಲೇ ನಿಂತವು.

ಇದರ ನಡುವೆ ಲಂಡನ್ನಿನ ದೊಡ್ಡ ರಾಷ್ಟ್ರೀಯ ಮ್ಯೂಸಿಯಂಗಳು 2001ರ ಕೊನೆಯಿಂದ ಪೂರ್ತಿ ಉಚಿತವಾದವು. ಅವಕ್ಕೆ ಸರ್ಕಾರದ ಹಣ ಇದೆ. ಐರನ್‌ಬ್ರಿಜ್ ವಿಶ್ವ ಪರಂಪರೆ ತಾಣ ನಿಜ, ಆದರೆ ಆ ಪಟ್ಟಿಗೆ ಸೇರಿದರೆ ಯುನೆಸ್ಕೋ ವರ್ಷಾವರ್ಷ ದುಡ್ಡು ಕಳಿಸುತ್ತದೆ ಅಂತ ಅನೇಕರು ಅಂದುಕೊಂಡಿರುತ್ತಾರೆ. ಹಾಗೇನೂ ಇಲ್ಲ. ಬಿರುದು ಅವರದು, ಬಿಲ್ಲು ನಮ್ಮದು ಅನ್ನೋ ಲೆಕ್ಕ.

2020 ಮತ್ತು ಆಮೇಲೆ

2020ರ ಫೆಬ್ರುವರಿಯಲ್ಲಿ ಸೆವರ್ನ್ ಉಕ್ಕಿತು. ಐರನ್‌ಬ್ರಿಜ್ ಊರಿನ ನದಿಬದಿಯ ರಸ್ತೆಯಲ್ಲಿ ಹಾಕಿದ್ದ ತಾತ್ಕಾಲಿಕ ತಡೆಗೋಡೆ ನೀರಿನ ಒತ್ತಡಕ್ಕೆ ಸರಿದು, ಜನರನ್ನು ಮನೆಗಳಿಂದ ಖಾಲಿ ಮಾಡಿಸಬೇಕಾಯಿತು. ಅದರ ಬೆನ್ನಿಗೇ ಮಾರ್ಚ್‌ನಲ್ಲಿ ಲಾಕ್‌ಡೌನ್. ಟಿಕೆಟ್ ನಂಬಿಕೊಂಡ ಸಂಸ್ಥೆಗೆ ಬಾಗಿಲು ಮುಚ್ಚಿದರೆ ಆದಾಯ ಸೊನ್ನೆ, ಖರ್ಚು ಹಾಗೇ. ಸರ್ಕಾರದ ತುರ್ತು ನೆರವು ಉಸಿರು ಹಿಡಿದು ನಿಲ್ಲಿಸಿತು, ಅಷ್ಟೇ.

ಇನ್ನೊಂದು ಸಂಗತಿ ಇದಕ್ಕೂ ಮೊದಲು, 2017ರ ನವೆಂಬರ್‌ನಲ್ಲಿ ಆಗಿತ್ತು. ಕೋಲ್‌ಬ್ರೂಕ್‌ಡೇಲ್‌ನಲ್ಲಿ ಆಗಾ ಒಲೆಗಳ ಬಿಡಿಭಾಗ ಎರಕ ಹೊಯ್ಯುತ್ತಿದ್ದ ಕಾರ್ಖಾನೆ ಮುಚ್ಚಿತು. ಡಾರ್ಬಿ ಪಾತ್ರೆ ಹೊಯ್ದ ಊರಿನಲ್ಲಿ 300 ವರ್ಷ ಮೀರಿ ನಡೆದ ಕೆಲಸ ಅಲ್ಲಿಗೆ ನಿಂತಿತು. ಮ್ಯೂಸಿಯಂ ಹುಟ್ಟಿದಾಗ ಪಕ್ಕದಲ್ಲಿ ಜೀವಂತ ಎರಕದ ಮನೆ ಇತ್ತು. ಕುಲುಮೆಯನ್ನು ಅಗೆದು ಕೊಟ್ಟದ್ದೂ ಅದರ ಮಾಲೀಕರೇ. ಈಗ ಕಬ್ಬಿಣದ ಕಥೆ ಹೇಳಲು ಮ್ಯೂಸಿಯಂ ಒಂದೇ ಉಳಿದಿದೆ.

ನ್ಯಾಷನಲ್ ಟ್ರಸ್ಟ್ ಹುಟ್ಟಿದ್ದು 1895ರಲ್ಲಿ. ಶ್ರೀಮಂತರ ಬಂಗಲೆ, ತೋಟ, ಕಡಲ ತೀರ ನೋಡಿಕೊಳ್ಳುವ ಸಂಸ್ಥೆ ಅಂತಲೇ ಜನರಿಗೆ ಗೊತ್ತು. ಅದೇ ಶ್ರಾಪ್‌ಷೈರ್‌ನ ಅಟಿಂಗಮ್ ಪಾರ್ಕ್ ಎಂಬ ಬಂಗಲೆ ಅವರದೇ. ಕುಲುಮೆ, ಟೈಲ್ಸ್ ಕಾರ್ಖಾನೆ ಅವರಿಗೆ ಒಗ್ಗುತ್ತದೆಯೇ ಎನ್ನುವ ಪ್ರಶ್ನೆ ಸಹಜ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಅವರು ದುಡ್ಡು ಹೊಂದಿಸುವ ರೀತಿ. ಅವರಿಗೆ 50 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಸದಸ್ಯರು ವರ್ಷಕ್ಕೊಮ್ಮೆ ಚಂದಾ ಕಟ್ಟುತ್ತಾರೆ, ತಾಣಗಳಿಗೆ ಪ್ರವೇಶ ಉಚಿತ. ಮಳೆ ಬಂದು ಒಂದು ವಾರ ಯಾರೂ ಬರದಿದ್ದರೂ ಚಂದಾ ಬಂದಾಗಿರುತ್ತದೆ. ಒಂದು ತಾಣದ ನಷ್ಟವನ್ನು ನೂರಾರು ಮೈಲಿ ದೂರದ ಇನ್ನೊಂದು ತಾಣ ತುಂಬುತ್ತದೆ. ಬ್ಲಿಸ್ಟ್ಸ್ ಹಿಲ್ ಕಣಿವೆಯೊಳಗೆ ಮಾಡುತ್ತಿದ್ದದ್ದೂ ಇದನ್ನೇ, ಆದರೆ ಅದೊಂದೇ ಹೆಗಲು. ಟಿಕೆಟ್ ಕೊಂಡು ಬರುತ್ತಿದ್ದವರಲ್ಲಿ ಒಂದಷ್ಟು ಜನ ಇನ್ನು ಕಾರ್ಡ್ ತೋರಿಸಿ ಬರುತ್ತಾರೆ. ಗಲ್ಲಾಪೆಟ್ಟಿಗೆ ಹಗುರವಾದರೂ ಚಾವಣಿ ರಿಪೇರಿ ಅದನ್ನೇ ಕಾಯುತ್ತಾ ಕೂರಬೇಕಾಗಿಲ್ಲ.

90 ಲಕ್ಷ ಪೌಂಡ್ ಒಂದೇ ಸಲ ಬರುವ ಹಣ. ಬಾಕಿ ಉಳಿದ ದುರಸ್ತಿಗೆ, ಹಸ್ತಾಂತರದ ಖರ್ಚಿಗೆ ಅದು ಆಸರೆ. ಜ್ಯಾಕ್‌ಫೀಲ್ಡ್‌ನ ಇಳಿಜಾರು, ಸೆವರ್ನ್‌ನ ಪ್ರವಾಹ, ಚಳಿಗಾಲದ ಹಿಮ ಇವು ಪ್ರತಿ ವರ್ಷ ಬರುತ್ತವೆ. ಮೆದು ಕಬ್ಬಿಣ ತಿರುವುವ ಕೈಗಳನ್ನು, ಮೇಣದಬತ್ತಿ ಮಾಡುವವರನ್ನು ಹೊಸ ಯಜಮಾನರು ಸಂಬಳದ ಪಟ್ಟಿಯಲ್ಲಿ ಉಳಿಸಿಕೊಳ್ಳುತ್ತಾರೋ ಇಲ್ಲವೋ ಎನ್ನುವುದರ ಮೇಲೆ ಬ್ಲಿಸ್ಟ್ಸ್ ಹಿಲ್ ಏನಾಗಿ ಉಳಿಯುತ್ತದೆ ಎನ್ನುವುದು ನಿಂತಿದೆ. ಕಬ್ಬಿಣದ ಸೇತುವೆ ಮಾತ್ರ ಈ ವ್ಯವಹಾರದ ಒಳಗೆ ಬರಲಿಲ್ಲ. ಅದು ಮೊದಲಿನಂತೆ ಇಂಗ್ಲಿಷ್ ಹೆರಿಟೇಜ್ ಬಳಿಯೇ ಇದೆ.